ದಾಂಪತ್ಯದಲ್ಲಿ ಹೊಸ ಭಂಗಿ: ದೇಹದ ಮಿತಿ ತಿಳಿದಿರಲಿ

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದುಬಾರೆ, ನಂಜರಾಯಪಟ್ಟಣ ಕಡೆಯ ತೋಟಗಳಲ್ಲಿ ದುಡಿಯುವವರಿಗೆ ಸೊಂಟನೋವು ಸಾಮಾನ್ಯ. ಇಳಿಜಾರಿನಲ್ಲಿ ನಿಂತು ಹಣ್ಣು ಕೊಯ್ದು, ಚೀಲ ಹೊತ್ತು ದಣಿದ ಸೊಂಟವದು. ಇಂಥವರಲ್ಲಿ ಕೆಲವರು ಔಷಧಿ ಪಡೆದು ಏಳುವಾಗ ತಗ್ಗಿದ ದನಿಯಲ್ಲಿ ಕೇಳುವುದುಂಟು: ದಾಂಪತ್ಯ ಮಿಲನದಲ್ಲಿ ಬೇರೆ ಭಂಗಿ ಪ್ರಯತ್ನಿಸುವುದು ತಪ್ಪೇ? ಸೊಂಟಕ್ಕೆ ಅಪಾಯವೇ?

ತಪ್ಪೇ?

ಹಿಂದಿನಿಂದ ಸೇರಿದರೆ ಮಗುವಿಗೆ ಮೆಳ್ಳೆಗಣ್ಣು ಬರುತ್ತದೆಂಬ ನಂಬಿಕೆ ಮದೀನದಲ್ಲಿತ್ತು. ಸೂರಃ ಅಲ್ ಬಕರದ 223ನೇ ವಚನ ಈ ಹಿನ್ನೆಲೆಯಲ್ಲಿ ಅವತೀರ್ಣವಾಯಿತೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಯೋನಿಮಾರ್ಗದ ಮಿಲನಕ್ಕೆ ಭಂಗಿಯ ನಿರ್ಬಂಧವಿಲ್ಲ. ಮುಟ್ಟಿನ ದಿನಗಳ ಸಂಭೋಗ ಮತ್ತು ಗುದಮಾರ್ಗ ನಿಷಿದ್ಧ.

ಅಪಾಯವೇ?

ಅದು ನಿಮ್ಮ ನೋವಿನ ಸ್ವಭಾವವನ್ನು ಅವಲಂಬಿಸಿದೆ. ಸೊಂಟನೋವಿದ್ದವರಿಗೆಲ್ಲ ಮಗ್ಗುಲಾಗಿ ಮಲಗುವ ಭಂಗಿಯೇ ಒಳ್ಳೆಯದು ಎಂಬ ಸಲಹೆ ರೂಢಿಯಲ್ಲಿತ್ತು. 2014ರಲ್ಲಿ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಸಂಶೋಧಕರು 10 ದಂಪತಿಗಳ ಬೆನ್ನೆಲುಬಿನ ಚಲನೆಯನ್ನು ಅಳೆದಾಗ ಈ ಸಲಹೆ ಎಲ್ಲರಿಗೂ ಹೊಂದುವುದಿಲ್ಲವೆಂದು ಕಂಡುಬಂತು. ಮುಂದಕ್ಕೆ ಬಾಗಿದಾಗ ಅಥವಾ ಬಹಳ ಹೊತ್ತು ಕುಳಿತಾಗ ನೋವು ಹೆಚ್ಚುವ ಪುರುಷರಿಗೆ, ಪತ್ನಿ ಕೈ ಮತ್ತು ಮಂಡಿ ಊರಿರುವ ಭಂಗಿ ಅದಕ್ಕಿಂತ ಹಗುರ. ಆಗಲೂ ಚಲನೆ ತೊಡೆಸಂದಿನಿಂದ ಬರಬೇಕು, ಬೆನ್ನು ಬಾಗಬಾರದು. ಹಿಂದಕ್ಕೆ ಬಾಗಿದಾಗ ನೋವಾಗುವವರ ಲೆಕ್ಕ ಬೇರೆ. ಆದ್ದರಿಂದ ಯಾವ ಚಲನೆಯಲ್ಲಿ ನೋವು ಹೆಚ್ಚುತ್ತದೆಂದು ಮೊದಲು ಗಮನಿಸಿ.

ಪ್ರಯತ್ನಿಸುವ ಮುನ್ನ

• ಇಬ್ಬರೂ ಮೊದಲೇ ಮಾತನಾಡಿಕೊಳ್ಳಿ. ಪತ್ನಿಯ ಮೌನವನ್ನು ಒಪ್ಪಿಗೆಯೆಂದು ತಿಳಿಯಬೇಡಿ.

• ಹೊಟ್ಟೆ ತುಂಬ ಉಂಡಾಗ, ತೀರಾ ಹಸಿದಾಗ, ದಣಿದಾಗ ಮಿಲನ ಬೇಡವೆಂಬುದು ಯುನಾನಿ ಹಕೀಮರ ಹಳೆಯ ಸಲಹೆ. ಚೀಲ ಹೊತ್ತ ದಿನ ವಿಶ್ರಾಂತಿಯೇ ಮೇಲು.

• ಸೊಂಟದ ಅಥವಾ ಮಂಡಿಯ ಕೆಳಗೆ ದಿಂಬಿಡಿ. ಜಾರುವ ನೆಲದ ಮೇಲೆ ನಿಂತ ಭಂಗಿ ಬೇಡ.

• ನಿಧಾನವಾಗಿ ಆರಂಭಿಸಿ. ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ.

• ನೋವಿಗೆ ಹಚ್ಚುವ ರೋಗನ್ ಸೊಂಟಕ್ಕೆ ಮಾತ್ರ. ಅದನ್ನು ಜನನಾಂಗಕ್ಕೆ ಸೋಕಿಸಬೇಡಿ. ಎಣ್ಣೆ ತಾಗಿದರೆ ರಬ್ಬರಿನ ಕಾಂಡೋಮ್ ಹರಿಯಬಹುದು.

• ಎರಡು ಮಹಡಿ ಮೆಟ್ಟಿಲೇರಿದರೆ ಎದೆನೋವು ಅಥವಾ ತೀವ್ರ ಏದುಸಿರು ಬರುವವರು, ಗರ್ಭಾವಸ್ಥೆಯಲ್ಲಿ ರಕ್ತಸ್ರಾವವಿರುವವರು ಮೊದಲು ವೈದ್ಯರನ್ನು ಕಾಣಲಿ.

ನಾಚಿಕೆ ಬಿಟ್ಟು ಆಸ್ಪತ್ರೆಗೆ

ಪತ್ನಿ ಮೇಲಿರುವಾಗ ಅಥವಾ ಹಿಂದಿನಿಂದ ವೇಗವಾಗಿ ಸೇರುವಾಗ ಶಿಶ್ನ ಜಾರಿ ಹೊರಬಂದು ಎಲುಬಿಗೆ ಬಡಿದರೆ, ಅದರೊಳಗಿನ ಗಟ್ಟಿ ಪೊರೆ ಹರಿಯಬಹುದು. 'ಟಕ್' ಎಂಬ ಸದ್ದು, ತೀವ್ರ ನೋವು, ತಕ್ಷಣ ಸಡಿಲವಾಗುವುದು, ಊತ, ಕಪ್ಪುಗಟ್ಟುವುದು ಇದರ ಲಕ್ಷಣ. ಇದಕ್ಕೆ ಎಣ್ಣೆ, ಲೇಪ, ಯುನಾನಿ ಔಷಧಿ ಯಾವುದೂ ಪರಿಹಾರವಲ್ಲ. ಬೆಳಗಾಗಲಿ ಎಂದು ಕಾಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ. ತಡವಾದರೆ ಶಾಶ್ವತ ಡೊಂಕು ಮತ್ತು ನಿಮಿರುವಿಕೆಯ ದೋಷ ಉಳಿಯಬಹುದು.

ಸೊಂಟನೋವಿನೊಂದಿಗೆ ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಕಾಲಿನ ಬಲ ಕುಂದಿದರೆ ಅದೂ ತುರ್ತೇ. ಮಿಲನದ ನಂತರ ಮಹಿಳೆಗೆ ರಕ್ತಸ್ರಾವ ಮರುಕಳಿಸುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ.

ಇಬ್ಬರಲ್ಲಿ ಯಾರ ದೇಹ ಹೆಚ್ಚು ನೋಯುತ್ತದೆಯೋ ಅವರಿಗೆ ಹಿತವಾದ ಭಂಗಿಯನ್ನೇ ಆರಿಸಿಕೊಳ್ಳಿ. ಒಬ್ಬರು "ಸಾಕು" ಎಂದಾಗ ಇನ್ನೊಬ್ಬರು ನಿಲ್ಲಿಸುವಂತಿದ್ದರೆ ಮಾತ್ರ ಹೊಸದನ್ನು ಪ್ರಯತ್ನಿಸಿ.