ಅಕ್ಷಾಂಶ ಹಿಡಿದು ನಿಧಿಯನ್ನರಸುವ ಆಟ

೨೦೦೦ದ ಮೇ ೩ ರಂದು, ಅಮೆರಿಕದ ಒರೆಗಾನ್ ಸಂಸ್ಥಾನದ ಬೀವರ್‌ಕ್ರೀಕ್ ಎಂಬಲ್ಲಿಗೆ ಸಮೀಪದ ಕಾಡಿನಲ್ಲಿ ಡೇವ್ ಅಲ್ಮರ್ ಎಂಬಾತನು ಒಂದು ಕರಿಯ ಬಕೀಟನ್ನು ಬಹುಪಾಲು ನೆಲದೊಳಗೆ ಹೂತಿಟ್ಟನು. ಅದರಲ್ಲಿದ್ದುದು ಪುಸ್ತಕಗಳು, ಸ್ವಲ್ಪ ಹಣ, ಒಂದು ಕವಣೆ, ಒಂದು ಡಬ್ಬಿ ಬೀನ್ಸು. ಕುಬೇರನು ನಗುವಂಥ ಭಂಡಾರವೇ ಸರಿ! ಸ್ಥಳದ ಗುರುತಾಗಿ ಆತನು ಪ್ರಕಟಿಸಿದ್ದು ಎರಡು ಸಂಖ್ಯೆಗಳನ್ನು: ಉತ್ತರ ಅಕ್ಷಾಂಶ ೪೫ ಡಿಗ್ರಿ ೧೭.೪೬೦ ಮಿನಿಟು, ಪಶ್ಚಿಮ ರೇಖಾಂಶ ೧೨೨ ಡಿಗ್ರಿ ೨೪.೮೦೦ ಮಿನಿಟು. ಕೆಲವೇ ದಿನಗಳಲ್ಲಿ ಅದು ಪತ್ತೆಯಾಯಿತು. ಜಿಯೋಕ್ಯಾಚಿಂಗ್ ಎಂಬ ಆಟವು ಹುಟ್ಟಿದ್ದು ಹೀಗೆ.

ಆ ದಿನವೇ ಏಕೆ? ಕೃತಕ ಉಪಗ್ರಹಗಳ ಸಂಕೇತಗಳಲ್ಲಿ ಅಮೆರಿಕ ಸರ್ಕಾರವು ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಹಿಂದಿನ ದಿನವಷ್ಟೇ ತೆಗೆದುಹಾಕಲಾಗಿತ್ತು. ಅದುವರೆಗೆ ಜನಸಾಮಾನ್ಯರ ಉಪಕರಣವು ನೂರು ಮೀಟರಿನಷ್ಟು ತಪ್ಪಬಹುದಾಗಿತ್ತು. ಅಷ್ಟು ವಿಸ್ತಾರದ ಕಾಡಿನಲ್ಲಿ ಬಕೀಟನ್ನು ಹುಡುಕುವವರಾರು?

ಈ ಉಪಗ್ರಹಗಳು ಸುಮಾರು ೨೦,೨೦೦ ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತವೆ. ನೆತ್ತಿಯ ಮೇಲಿರುವ ಉಪಗ್ರಹದ ಸಂಕೇತವು ನಮ್ಮನ್ನು ಮುಟ್ಟಲು ಸೆಕೆಂಡಿನ ಹದಿನೈದನೆಯ ಒಂದು ಭಾಗ ಸಾಕು. ಈ ಕಾಲವನ್ನಳೆದೇ ದೂರವನ್ನು ಕಂಡುಹಿಡಿಯಬೇಕು. ಕಾಲದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೆ ದೂರದಲ್ಲಿ ೩೦೦ ಮೀಟರು ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರವುಂಟು, ನಮ್ಮ ಕೈಯಲ್ಲಿರುವುದು ಅಗ್ಗದ ಗಡಿಯಾರ. ಅದರ ತಪ್ಪನ್ನೂ ಲೆಕ್ಕ ಹಾಕಿ ತೆಗೆಯಬೇಕಾದ್ದರಿಂದ ಮೂರರ ಬದಲು ನಾಲ್ಕು ಉಪಗ್ರಹಗಳು ಬೇಕಾಗುತ್ತವೆ.

ಇನ್ನು ಒಗಟಿನ ಬಗೆ. ಇದರಲ್ಲಿ ಪ್ರಕಟವಾದ ಸ್ಥಾನದಲ್ಲಿ ಪೆಟ್ಟಿಗೆ ಇರುವುದಿಲ್ಲ. ಉದ್ಯಾನದ ಶಿಲಾಫಲಕದಲ್ಲಿರುವ ವರ್ಷ, ಸೇತುವೆಯ ಕಂಬಗಳ ಸಂಖ್ಯೆ, ಇಂಥವುಗಳಿಂದ ನಿಜವಾದ ಅಂಕಗಳನ್ನು ನಾವೇ ಕಟ್ಟಬೇಕು. ಇಲ್ಲಿ ಒಂದಂಕಿ ತಪ್ಪಿದರೆ ಏನಾಗುವುದೆಂಬುದನ್ನು ಅಲ್ಮರನ ಸಂಖ್ಯೆಯಿಂದಲೇ ನೋಡೋಣ. ಅಕ್ಷಾಂಶದ ಒಂದು ಮಿನಿಟು ಸುಮಾರು ೧,೮೫೨ ಮೀಟರು. ಆದುದರಿಂದ ದಶಾಂಶದ ಮೂರನೆಯ ಸ್ಥಾನದಲ್ಲಿ ಒಂದು ಹೆಚ್ಚಾದರೆ ಎರಡು ಮೀಟರಿಗೂ ಕಡಿಮೆ, ಅದು ಚಿಂತೆಯಿಲ್ಲ. ಮೊದಲನೆಯ ಸ್ಥಾನದಲ್ಲಾದರೆ ೧೮೫ ಮೀಟರು. ೧೭.೪೬೦ ನ್ನು ಅವಸರದಲ್ಲಿ ೧೭.೬೪೦ ಎಂದು ಬರೆದುಕೊಂಡವನು ೩೩೩ ಮೀಟರು ಉತ್ತರಕ್ಕೆ ಹೋಗಿ ಪೊದೆ ಕೆದಕುವನು. ಅದನ್ನೇ ೧೭ ಮಿನಿಟು ೪೬ ಸೆಕೆಂಡು ಎಂದು ಓದಿದವನಾದರೋ ೫೬೮ ಮೀಟರು ದಾರಿತಪ್ಪುವನು. ಆರಂಭದವರು ಮಾಡುವ ತಪ್ಪುಗಳಲ್ಲಿ ಇದು ಅತಿ ಸಹಜವೆಂದು ನಮಗನಿಸುತ್ತದೆ. ರೇಖಾಂಶಕ್ಕೆ ಇದೇ ಅಳತೆ ಸಲ್ಲದು. ರೇಖಾಂಶಗಳು ಧ್ರುವದತ್ತ ಕೂಡುತ್ತ ಹೋಗುವುದರಿಂದ ಒರೆಗಾನಿನ ಆ ಕಾಡಿನಲ್ಲಿ ಅದರ ಒಂದು ಮಿನಿಟು ಸುಮಾರು ೧,೩೦೦ ಮೀಟರು ಮಾತ್ರ. ಬೆಂಗಳೂರಿನಲ್ಲಿ ಸುಮಾರು ೧,೮೦೦.

ಲೆಕ್ಕವೆಲ್ಲ ಸರಿಯಾಗಿದ್ದರೂ ಕೊನೆಯ ಹತ್ತು ಮೀಟರಿನಲ್ಲಿ ಉಪಕರಣವು ಕೈಕೊಡುವುದುಂಟು. ದಟ್ಟವಾದ ಮರಗಳ ಕೆಳಗೆ ಸಂಕೇತವು ಕ್ಷೀಣಿಸುತ್ತದೆ, ಬಂಡೆಗೆ ತಗುಲಿ ಬಳಸಿ ಬರುತ್ತದೆ. ಆಗ ಮೂವತ್ತು ಹೆಜ್ಜೆ ಹಿಂದೆ ಸರಿದು, ಬಾಣದ ಗುರುತು ತೋರುವ ದಿಕ್ಕನ್ನು ನೆನಪಿಟ್ಟು, ಮತ್ತೊಂದು ಪಕ್ಕದಿಂದಲೂ ಹಾಗೆಯೇ ನೋಡಬೇಕು. ಎರಡು ರೇಖೆಗಳು ಕೂಡುವೆಡೆಯಲ್ಲಿ ಉಪಕರಣವನ್ನು ಜೇಬಿಗೆ ಹಾಕಿ ಕಣ್ಣಿನಿಂದ ಹುಡುಕಬೇಕು. ಅಗೆಯಲು ಹಾರೆ ಬೇಡ. ಪೆಟ್ಟಿಗೆಯನ್ನು ಹೂಳಬಾರದೆಂಬುದು ಈಗಿನ ಆಟದ ನಿಯಮ. ಅಲ್ಮರನ ಬಕೀಟು ಇಂದಾಗಿದ್ದರೆ ಅಂಗೀಕಾರವಾಗುತ್ತಿರಲಿಲ್ಲ.