ಅತ್ತೆಯ ಚಂದ್ರಕಾಳಿ

ನನ್ನ ತಂದೆಯ ಅಕ್ಕ, ಎಂದರೆ ನಮ್ಮ ಸೋದರತ್ತೆ, 2011ರಲ್ಲಿ ತನ್ನ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮನೆಯ ಮಕ್ಕಳೆಲ್ಲ ಆಕೆಯನ್ನು ‘ಅತ್ಯಾ’ ಎಂದು ಕರೆಯುತ್ತಿದ್ದೆವು. ಧಾರವಾಡದ ಮಾಳಮಡ್ಡಿಯ ಹಂಚಿನ ಮನೆಯಲ್ಲಿ ಆಕೆ ಬಿಟ್ಟುಹೋದ ಆಸ್ತಿ ಬಹಳವೇನೂ ಇರಲಿಲ್ಲ. ಗಂಡಸರು ಏರುವಂಥ ಒಂದು ಹಳೆಯ ಸೈಕಲ್ಲು, ಒಂದು ಸೂಜಿಡಬ್ಬಿ, ಕೀಲಿ ಹಾಕಿದ ಒಂದು ತಗಡಿನ ಟ್ರಂಕು, ಇಷ್ಟೇ.

ಅತ್ತೆ ಹುಟ್ಟಿದ್ದು 1916ರಲ್ಲಿ. ಹುಡುಗಿಗೆ ಹದಿನಾಲ್ಕು ವರ್ಷ ತುಂಬುವ ಮೊದಲು ಮದುವೆ ಮಾಡಕೂಡದೆಂಬ ಶಾರದಾ ಕಾಯಿದೆ 1929ರಲ್ಲಿ ಆಯಿತು. ಜಾರಿಗೆ ಬಂದದ್ದು 1930ರ ಏಪ್ರಿಲಿನಲ್ಲಿ. ಕಾಯಿದೆ ಬಂದು ಬಾಗಿಲು ತಟ್ಟುವ ಮೊದಲೇ ಮುಗಿಸಿಬಿಡೋಣವೆಂದು ಆ ನಡುವಿನ ತಿಂಗಳುಗಳಲ್ಲಿ ಎಷ್ಟೋ ಮದುವೆಗಳು ಅವಸರದಿಂದ ನಡೆದುಹೋದುವು. ಅತ್ತೆಯದೂ ಅವುಗಳಲ್ಲೊಂದು. ಮುಂದೆ ಗಂಡನ ಮನೆಗೆ ಹೋಗುವಾಗ ಉಡಲೆಂದು ಆಕೆಗೆ ಒಂದು ಚಂದ್ರಕಾಳಿ ಸೀರೆಯನ್ನು ತಂದರು. ಅದರ ಮೇಲೆ ಕಸೂತಿ ಹಾಕಬೇಕಾದವಳು ಮದುಮಗಳೇ. ಆಕೆ ಕುಳಿತು ಹಾಕತೊಡಗಿದಳು. ಅದು ಮುಗಿಯುವ ಮುನ್ನವೇ, 1932ರಲ್ಲಿ, ಆಕೆಯ ಪತಿ ವಿಷಮಜ್ವರದಿಂದ ತೀರಿಕೊಂಡರು. ಹಿರಿಯರು ಸೀರೆಯನ್ನು ಮಡಿಸಿ ಒಳಗಿಟ್ಟರು. ಇನ್ನು ಬಣ್ಣದ ದಾರವನ್ನು ಮುಟ್ಟಕೂಡದೆಂದರು.

ನನ್ನ ಅಜ್ಜ ಹೆಚ್ಚು ಮಾತಿನವರಲ್ಲ. ಮಗಳ ತಲೆಗೂದಲನ್ನು ಮಾತ್ರ ತೆಗೆಸಲು ಒಪ್ಪಲಿಲ್ಲ; ಆಕೆಯನ್ನು ಶಾಲೆಗೆ ಕಳುಹಿಸಿದರು. ಅತ್ತೆ ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಶಿಕ್ಷಕಿಯಾದಳು. ಕೈಗೆ ಸಂಬಳ ಬಂದ ಮೇಲೆ ಮೊದಲು ಕೊಂಡದ್ದು ಬಣ್ಣದ ದಾರದ ಲಡಿಗಳನ್ನು. ಆಮೇಲೆ, 1941ರಲ್ಲಿ, ಆ ಸೈಕಲ್ಲನ್ನು. ಕಚ್ಚೆ ಹಾಕಿ ಉಟ್ಟ ಒಂಬತ್ತು ಗಜದ ಸೀರೆ ಸೈಕಲ್ಲಿಗೆ ಬಲು ಅನುಕೂಲವೆಂದು ಆಕೆ ನಗುತ್ತ ಹೇಳುತ್ತಿದ್ದಳು. ಓಣಿಯ ಜನ ಏನು ಹೇಳುತ್ತಿದ್ದರೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಇಳಕಲ್ಲ ಸೀರೆಯ ಸೆರಗಿನ ಬಳಿ ಹೊಲಿದ ತೇರು, ಗೋಪುರ, ಅಂಬಾರಿಯ ಆನೆ, ತುಳಸಿಯ ಕಟ್ಟೆಗಳನ್ನು ನೀವು ನೋಡಿರಬಹುದು. ಅವನ್ನು ಬಟ್ಟೆಯ ಮೇಲೆ ಮೊದಲು ಬರೆದುಕೊಂಡು ಹೊಲಿಯುವುದಿಲ್ಲ. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿಯೇ ಸೂಜಿಯನ್ನು ಚುಚ್ಚಬೇಕು. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ಹೊಲಿಗೆ ನಾಲ್ಕು ಬಗೆ. ಗವಂತಿಯಲ್ಲಿ ದಾರ ಒಂದು ಎಡೆ ಬಿಟ್ಟು ಒಂದು ಎಡೆಯಂತೆ ಮುಂದೆ ಹೋಗುತ್ತದೆ. ಬಿಟ್ಟ ಎಡೆಗಳನ್ನು ತುಂಬಿಕೊಳ್ಳುತ್ತ ಅದೇ ದಾರಿಯಲ್ಲಿ ಮರಳಿ ಬರುತ್ತದೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಆದುದರಿಂದಲೇ ಅದಕ್ಕೆ ಒಳಮೈ ಹೊರಮೈ ಎಂಬ ಭೇದವಿಲ್ಲ. ಆದರೆ ಹೋಗುವಾಗ ಒಂದೇ ಒಂದು ಎಳೆ ತಪ್ಪಿದರೂ ತಿರುಗಿ ಬರುವ ದಾರ ಹೊರಟ ಜಾಗವನ್ನು ಮುಟ್ಟುವುದಿಲ್ಲ. ಆಗ ಬಿಚ್ಚಬೇಕು. ಅತ್ತೆ ಬಿಚ್ಚುವುದನ್ನು ನಾನು ಅದೆಷ್ಟು ಸಲ ನೋಡಿದ್ದೇನೋ! ಮುಖದಲ್ಲಿ ಬೇಸರದ ಒಂದು ಗೆರೆಯೂ ಮೂಡುತ್ತಿರಲಿಲ್ಲ.

ಹಳೆಯ ಚಿತ್ತಾರಗಳಿಂದ ಆಕೆಗೆ ತೃಪ್ತಿಯಾಗಲಿಲ್ಲ. ಒಮ್ಮೆ ದಿಂಬಿನ ಗವಸಿನ ಮೇಲೆ ಸೈಕಲ್ಲನ್ನು ಹಾಕಲು ಹೊರಟಳು. ಕಸೂತಿಯಲ್ಲಿ ಇರುವುದು ನೆಟ್ಟಗಿನ ಗೆರೆ, ಅಡ್ಡಗೆರೆ, ಓರೆಗೆರೆಗಳು ಮಾತ್ರ. ದುಂಡಗಿನ ಗಾಲಿಯನ್ನು ತರುವುದೆಲ್ಲಿಂದ? ಮೂರು ದಿನ ಹೊಲಿದಳು, ಬಿಚ್ಚಿದಳು. ಕೊನೆಗೆ ಗಾಲಿ ಎಂಟು ಮೂಲೆಯದಾಯಿತು. “ಇಂಥಾ ಗಾಲಿ ಉರುಳತದೇನ ಅತ್ಯಾ?” ಎಂದು ನಾನು ಕೇಳಿದೆ. “ಹತ್ತಿ ನೋಡು ತಮ್ಮಾ” ಎಂದಳು.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವುದು ಸರಿಯಲ್ಲ. ಆಗ ನನಗೆ ಹನ್ನೊಂದು ವರ್ಷ. ಮಳೆಗಾಲದ ಒಂದು ದಿನ ಊಟದ ಡಬ್ಬಿಯನ್ನು ಮನೆಯಲ್ಲಿ ಮರೆತು ಶಾಲೆಗೆ ಹೋಗಿದ್ದೆ. ಮಧ್ಯಾಹ್ನ ಅತ್ತೆ ತೊಯ್ದ ಸೀರೆಯಲ್ಲಿ ಸೈಕಲ್ಲನ್ನು ತುಳಿಯುತ್ತ ಬಂದಳು. ಹುಡುಗರು ಗೊಳ್ಳೆಂದು ನಕ್ಕರು. “ಯಾರೋ ಆಕಿ?” ಎಂದು ಒಬ್ಬನು ಕೇಳಿದನು. “ನನಗೇನು ಗೊತ್ತು!” ಎಂದೆ. ತಲೆಯೆತ್ತಿ ನೋಡಿದರೆ ಅತ್ತೆ ನಾಲ್ಕೇ ಮಾರು ದೂರದಲ್ಲಿ ನಿಂತಿದ್ದಳು. ಆಕೆ ನನ್ನನ್ನು ಕರೆಯಲಿಲ್ಲ. ಡಬ್ಬಿಯನ್ನು ಸಿಪಾಯಿಯ ಕೈಗೆ ಕೊಟ್ಟು, “ಆ ಹುಡುಗಗ ಇದನ್ನ ಮುಟ್ಟಿಸ್ರಿ” ಎಂದು ಹೇಳಿ ಹೊರಟುಹೋದಳು. ಸಂಜೆ ಮನೆಯಲ್ಲಿ ಆ ಮಾತು ಬರಲಿಲ್ಲ. ಮುಂದೆಯೂ ಎಂದೂ ಬರಲಿಲ್ಲ. ಮುಂದಿನ ರವಿವಾರ ಬಯಲಿಗೆ ಕರೆದೊಯ್ದು, ಹಿಂದಿನಿಂದ ಸೀಟನ್ನು ಹಿಡಿದುಕೊಂಡು ಓಡುತ್ತ, ನನಗೆ ಸೈಕಲ್ಲು ಕಲಿಸಿದಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಮಾತು ಗಂಟಲಲ್ಲೇ ಉಳಿಯಿತು. ಅದು ಅಲ್ಲಿಯೇ ಇದೆ.

1971ರಲ್ಲಿ ಅತ್ತೆ ನಿವೃತ್ತಳಾದಳು. ಏಳು ವರ್ಷಗಳ ತರುವಾಯ, ಅರವತ್ತೆರಡನೆಯ ವಯಸ್ಸಿನಲ್ಲಿ, ಒಬ್ಬಳೇ ಕೇದಾರಕ್ಕೆ ಹೊರಟಳು. ಹಿಂದಿಯ ಹತ್ತು ಮಾತುಗಳೂ ಆಕೆಗೆ ನೆಟ್ಟಗೆ ಬರುತ್ತಿರಲಿಲ್ಲ. ಆಗಿನ ಹಾದಿ ಗೌರೀಕುಂಡದಿಂದ 14 ಕಿಲೊಮೀಟರು. ದೇವಾಲಯವಿರುವುದು 3,500 ಮೀಟರುಗಳಿಗೂ ಮಿಕ್ಕ ಎತ್ತರದಲ್ಲಿ. ಆ ಹಾದಿಯ ಬಹುಭಾಗ 2013ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಅತ್ತೆ ಡೋಲಿಯನ್ನಾಗಲಿ ಕುದುರೆಯನ್ನಾಗಲಿ ಏರದೆ ನಡೆದೇ ಹತ್ತಿದಳು. ತಿರುಗಿ ಬಂದ ಮೇಲೆ ಆಕೆ ದೇವರ ದರ್ಶನಕ್ಕಿಂತ ಹೆಚ್ಚಾಗಿ ವರ್ಣಿಸಿದ್ದು, ಹಿಮ ಕರಗಿ ಹರಿಯುವ ಆ ಹಾದಿಯ ಕೆಸರನ್ನು. “ಬೂದಿ ಕಲಸಿಧಂಗ ಇತ್ತು ನೋಡು” ಎಂದಿದ್ದಳು.

ಹದಿಮೂರನೆಯ ದಿನ ಕಳೆದ ಮೇಲೆ ಟ್ರಂಕಿನ ಕೀಲಿಯನ್ನು ತೆಗೆದೆವು. ಮೇಲೆ ಬೇವಿನ ಎಲೆಗಳ ಪುಡಿ. ಅದರ ಕೆಳಗೆ ಆ ಚಂದ್ರಕಾಳಿ. ಸೆರಗಿನ ಕಡೆಯಿಂದ ಹೊರಟ ತೇರುಗಳ ಸಾಲು ಮಂಕಾದ ಕೆಂಪು ದಾರದಲ್ಲಿತ್ತು. ಒಂದು ತೇರಿನ ಅರ್ಧದಲ್ಲಿ ಆ ದಾರ ನಿಂತು, ಅದೇ ಎಳೆಯಿಂದ ಬೇರೊಂದು ಕೆಂಪು, ಕಣ್ಣಿಗೆ ಹೊಡೆಯುವಂಥ ಕೆಂಪು, ಮುಂದುವರಿದಿತ್ತು. ನನ್ನ ತಂಗಿ ಸೆರಗನ್ನು ತಿರುವಿ ನೋಡಿದಳು. ಎರಡೂ ಮೈ ಒಂದೇ. ಸಾಲಿನ ಕೊನೆಯಲ್ಲಿ, ಅಂಬಾರಿಯ ಆನೆಯ ಹಿಂದೆ, ಹೆಬ್ಬೆಟ್ಟಿನಷ್ಟು ಗಾತ್ರದ ಒಂದು ಸೈಕಲ್ಲು ಇತ್ತು. ಅದರ ಗಾಲಿಗೆ ಎಂಟು ಮೂಲೆ. ಆಕೆ ಆ ಸೀರೆಯನ್ನು ಉಟ್ಟದ್ದನ್ನು ನಮ್ಮಲ್ಲಿ ಯಾರೂ ಕಂಡವರಿರಲಿಲ್ಲ. ಆದರೆ ಕೆಳಗಿನ ಅಂಚಿನ ಉದ್ದಕ್ಕೂ ಒಣಗಿದ ಕೆಸರು ಹತ್ತಿಕೊಂಡಿತ್ತು. ನಮ್ಮೂರಿನ ಕೆಮ್ಮಣ್ಣೂ ಅಲ್ಲ, ಎರೆಮಣ್ಣೂ ಅಲ್ಲ. ಬೂದುಬಣ್ಣದ ನುಣುಪಾದ ಕೆಸರು.