ಕೋರ್ಟು ಬಿಡಿ ಅಂದರೂ ಬಿಡದ ವಿಶ್ವಸಂಸ್ಥೆ

ತುರ್ತು ಪರಿಸ್ಥಿತಿ ಅಂದ ಕೂಡಲೆ ನಮಗೆ ನೆನಪಾಗೋದು 1975. ಅಲ್ಲಿ ಅಧಿಕಾರದಲ್ಲಿದ್ದದ್ದು ಒಂದು ಸರ್ಕಾರ. 1977ರ ಚುನಾವಣೆಯಲ್ಲಿ ಜನ ಅದನ್ನು ಇಳಿಸಿದರು. ಆಳ್ತಾ ಇರೋದು ವಿಶ್ವಸಂಸ್ಥೆಯೇ ಆದರೆ?

1999ರಲ್ಲಿ ಕೊಸೊವೊದಲ್ಲಿ ಹಾಗೇ ಆಯಿತು. ಯುದ್ಧ ಮುಗಿದ ಮೇಲೆ ಭದ್ರತಾ ಮಂಡಳಿಯ 1244ನೇ ನಿರ್ಣಯದಂತೆ 'ಅನ್‌ಮಿಕ್' ಎಂಬ ವಿಶ್ವಸಂಸ್ಥೆಯ ಆಡಳಿತ ಬಂತು. ಅದರ ಮೊದಲ ರೆಗ್ಯುಲೇಶನ್ನೇ ಕಾನೂನು ಮಾಡುವುದು, ಜಾರಿ ಮಾಡುವುದು, ಕೋರ್ಟುಗಳ ಆಡಳಿತ ಮೂರನ್ನೂ ಒಬ್ಬ ವಿಶೇಷ ಪ್ರತಿನಿಧಿಯ ಕೈಗೆ ಕೊಟ್ಟಿತು. ಅಧಿಕಾರದಲ್ಲಿರುವವರೆಲ್ಲ ಮಾನವ ಹಕ್ಕುಗಳನ್ನು ಪಾಲಿಸಬೇಕು ಅಂತಲೂ ಅದರಲ್ಲೇ ಬರೆದಿತ್ತು.

2001ರ ಫೆಬ್ರವರಿಯಲ್ಲಿ ಪೊಡುಯೆವೊ ಹತ್ತಿರ ಸರ್ಬರಿದ್ದ ಬಸ್ಸಿಗೆ ಬಾಂಬ್ ಇಟ್ಟರು. ಹತ್ತಕ್ಕೂ ಹೆಚ್ಚು ಜನ ಸತ್ತರು. ಹಿಡಿದವರಲ್ಲಿ ಮೂವರನ್ನು ಬಿಡಿ ಎಂದು ಕೋರ್ಟು ಹೇಳಿತು. ವಿಶೇಷ ಪ್ರತಿನಿಧಿ ಹಾನ್ಸ್ ಹೆಕ್ಕರುಪ್ ಬಿಡಲಿಲ್ಲ. ತಮ್ಮ ಸಹಿಯಲ್ಲೇ ಬಂಧನದ ಆದೇಶ ಹೊರಡಿಸಿ, ಅವಧಿ ಮುಗಿದಾಗ ಮತ್ತೆ ವಿಸ್ತರಿಸಿದರು. ಗುಪ್ತಚರ ಮಾಹಿತಿಯನ್ನು ಕೋರ್ಟಿನ ಮುಂದೆ ಇಡೋದು ಕಷ್ಟ, ಸಾಕ್ಷಿಗಳಿಗೆ ಬೆದರಿಕೆ ಇರ್ತಿತ್ತು. ಆ ತೊಂದರೆ ಸುಳ್ಳೇನಲ್ಲ.

ಆದರೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 4ನೇ ವಿಧಿ ಏನು ಹೇಳುತ್ತೆ ನೋಡಿ. ಹಕ್ಕುಗಳನ್ನು ಸ್ವಲ್ಪ ಕಾಲ ತಡೆಹಿಡಿಯಬಹುದು, ಆದರೆ ತುರ್ತು ಪರಿಸ್ಥಿತಿಯನ್ನು ಅಧಿಕೃತವಾಗಿ ಘೋಷಿಸಬೇಕು, ಅಗತ್ಯಕ್ಕಿಂತ ಒಂದಿಂಚೂ ಮುಂದೆ ಹೋಗಬಾರದು. ಯಾವ ಹಕ್ಕು, ಯಾಕೆ ಅನ್ನೋದನ್ನು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ಮೂಲಕ ಉಳಿದ ದೇಶಗಳಿಗೆ ತಿಳಿಸಬೇಕು. ಕೊಸೊವೊದಲ್ಲಿ ಬಂಧಿಸಿದ್ದೇ ಆ ಮಹಾಕಾರ್ಯದರ್ಶಿಯ ಪ್ರತಿನಿಧಿ! ಘೋಷಣೆಯಂತೂ ಆಗಲೇ ಇಲ್ಲ. ಘೋಷಿಸದ ತುರ್ತು ಪರಿಸ್ಥಿತಿ ಯಾವತ್ತು ಮುಗೀತು ಅಂತ ಯಾರು ಹೇಳಬೇಕು?

ನಮ್ಮ ಲೋಕಾಯುಕ್ತರನ್ನು ಸ್ವಲ್ಪ ಹೋಲುವ ಒಂಬುಡ್ಸ್‌ಪರ್ಸನ್ ಹುದ್ದೆ ಅಲ್ಲೂ ಇತ್ತು, ಅದನ್ನು ಮಾಡಿದ್ದೂ ಅನ್‌ಮಿಕ್ಕೇ. ಆ ಹುದ್ದೆಯಲ್ಲಿದ್ದ ಮಾರೆಕ್ ನೊವಿಟ್ಸ್ಕಿ 2001ರ ಜೂನ್‌ನಲ್ಲಿ ಈ ಬಂಧನಗಳು ಯುರೋಪಿನ ಮಾನವ ಹಕ್ಕು ಒಪ್ಪಂದಕ್ಕೆ ವಿರುದ್ಧ ಎಂದು ನೇರವಾಗಿ ಬರೆದರು. ಆಗಸ್ಟ್‌ನಲ್ಲಿ ಮೂವರು ವಿದೇಶಿ ತಜ್ಞರ ಪರಿಶೀಲನಾ ಆಯೋಗ ಬಂತು. ನೇಮಿಸಿದ್ದು ಯಾರು? ಅದೇ ವಿಶೇಷ ಪ್ರತಿನಿಧಿ. ಇದನ್ನು ಕೋರ್ಟು ಅನ್ನೋಕಾಗಲ್ಲ ಅಂತ ನೊವಿಟ್ಸ್ಕಿ ಮತ್ತೆ ತಕರಾರು ಎತ್ತಿದರು. ಆ ಮೂವರು ಬಿಡುಗಡೆಯಾಗುವಾಗ ಡಿಸೆಂಬರ್ ಬಂದಿತ್ತು.

ಹೊರಗಿನ ಕೋರ್ಟಿಗೆ ಹೋದರೆ? ನೇಟೊ ನೇತೃತ್ವದ ಸೇನೆ ಹಿಡಿದಿಟ್ಟಿದ್ದ ಇನ್ನೊಬ್ಬರ ದೂರು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕು ನ್ಯಾಯಾಲಯ ಮುಟ್ಟಿತು. 2007ರಲ್ಲಿ ಅದು ಕೈಚೆಲ್ಲಿತು: ಈ ಕೆಲಸ ವಿಶ್ವಸಂಸ್ಥೆಯ ಲೆಕ್ಕಕ್ಕೆ ಸೇರಿದ್ದು, ವಿಶ್ವಸಂಸ್ಥೆ ನಮ್ಮ ವ್ಯಾಪ್ತಿಗೆ ಬರಲ್ಲ ಅಂತ. ಅಷ್ಟರಲ್ಲಿ, 2006ರಲ್ಲಿ, ಅನ್‌ಮಿಕ್ ತನ್ನದೇ ಒಂದು ಮಾನವ ಹಕ್ಕು ಸಮಿತಿ ಮಾಡಿಕೊಂಡಿತ್ತು. ಆ ಸಮಿತಿ ಕೊಡಬಹುದಾಗಿದ್ದದ್ದು ಸಲಹೆ ಮಾತ್ರ.